ಈರುಳ್ಳಿ ಜ್ವರ ಮತ್ತು ಏಳು ಗಂಟೆಯ ಬಸ್ಸು

ಜೀವಮಾನದಲ್ಲಿ ನಾನು ಯಾರಿಗೂ ಎದುರುತ್ತರ ಕೊಟ್ಟವಳಲ್ಲ. ಅತ್ತೆಗೆ ಕೊಡಲಿಲ್ಲ, ಗಂಡನಿಗೆ ಕೊಡಲಿಲ್ಲ, ತರಕಾರಿಯವನು ಕೊಳೆತ ಟೊಮೆಟೊ ತೂಗಿ ಹಾಕಿದಾಗಲೂ ಸುಮ್ಮನೆ ಚೀಲ ಹಿಡಿದುಕೊಂಡು ಮನೆಗೆ ಬಂದಿದ್ದೇನೆ. ಆದರೆ ಟೀವಿಗೆ ಕೊಡುತ್ತೇನೆ. ಸಾಯಂಕಾಲದ ಧಾರಾವಾಹಿ ಶುರುವಾಯಿತೆಂದರೆ ನನ್ನ ನಾಲಿಗೆಗೆ ಎಲ್ಲಿಲ್ಲದ ಧೈರ್ಯ ಬಂದುಬಿಡುತ್ತದೆ. "ಸಾಕು ಬಿಡವ್ವ, ಅತ್ತಿದ್ದು" ಎನ್ನುತ್ತೇನೆ. "ಬಾಗಿಲ ಸಂದೀಲಿ ನಿಂತು ಕೇಳಿಸ್ಕೊಳ್ಳೋದು ನಿನಗೆ ಶೋಭೆಯಾ?" ಎಂದು ಕೇಳುತ್ತೇನೆ. ಟೀವಿಯ ದೊಡ್ಡ ಗುಣವೇನೆಂದರೆ ಅದು ತಿರುಗಿ ನೋಡುವುದಿಲ್ಲ.

ಸಿಂಚನಾ, ಚಿನ್ನೂ, ನೀವಿಬ್ಬರೂ ದೊಡ್ಡವರಾದ ಮೇಲೆ ನಮ್ಮಜ್ಜಿ ಬಾಯಿಲ್ಲದವಳಾಗಿದ್ದಳು ಎಂದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಕೂರಿಸಿಕೊಂಡು ಹೇಳಬಹುದಿತ್ತು. ಆದರೆ ನಾಲ್ಕು ಮಾತು ಹೇಳುವುದರೊಳಗೆ ನಾನು ಸೆರಗು ಸರಿಮಾಡಿಕೊಳ್ಳುತ್ತ ಅಡುಗೆಮನೆಗೆ ಎದ್ದುಹೋಗುತ್ತೇನೆ ಎಂಬುದು ನಿಮಗೂ ಗೊತ್ತು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ನಾನು ಓದಿದ್ದು ಬಿಕ್ಕೋಡಿನ ಕಡೆಯ ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಮಾತಿನಲ್ಲಿ ಬಾರದ ದುಂಡುತನ ಅಕ್ಷರದಲ್ಲಾದರೂ ಬರಲಿ.

ನಾನು ನೋಡುವ ಧಾರಾವಾಹಿಯಲ್ಲಿ ಸುಮೇಧಾ ಎಂಬ ಹೆಂಗಸು ಇದ್ದಾಳೆ. ಅವಳು ಆಫೀಸಿಗೆ ಹೋಗುತ್ತಾಳೆ. ಅಲ್ಲಿ ಏನು ಕೆಲಸ ಮಾಡುತ್ತಾಳೆ ಎಂಬುದು ಇಷ್ಟು ದಿನ ನೋಡಿದರೂ ನನಗೆ ತಿಳಿದಿಲ್ಲ. ಒಂದು ಫೈಲು ತೆರೆಯುತ್ತಾಳೆ, ಮುಚ್ಚುತ್ತಾಳೆ, ಅಷ್ಟರಲ್ಲಿ ಫೋನು ಬರುತ್ತದೆ: ಮಗುವಿಗೆ ಜ್ವರ. ಅವಳು ಆಫೀಸಿನಿಂದ ಓಡಿಬರಬೇಕು ಎಂಬುದಕ್ಕೇ ಅವಳಿಗೊಂದು ಆಫೀಸು ಕೊಟ್ಟಿದ್ದಾರೆ ಎಂದು ನನಗೆ ಅನುಮಾನ. ಆ ಮಗುವಿನ ಜ್ವರವೂ ಬಲು ತಿಳಿವಳಿಕೆಯುಳ್ಳದ್ದು. ಸುಮೇಧಾಳಿಗೆ ಮೀಟಿಂಗ್ ಇದ್ದ ದಿನವೇ ಬರುತ್ತದೆ. ಅದಕ್ಕೆ ಭಾನುವಾರ ಜ್ವರ ಬಂದದ್ದನ್ನು ನಾನು ನೋಡಿಲ್ಲ.

ಅವಳು ಮನೆಗೆ ತಡವಾಗಿ ಬಂದರಂತೂ ಮನೆಮಂದಿಯೆಲ್ಲ ನಡುಮನೆಯಲ್ಲಿ ಸಾಲಾಗಿ ನಿಂತಿರುತ್ತಾರೆ, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ. ಅಷ್ಟು ದೊಡ್ಡ ಸೋಫಾ ಇದೆ, ಒಬ್ಬರೂ ಕೂರುವುದಿಲ್ಲ. ಕ್ಯಾಮೆರಾ ಒಬ್ಬೊಬ್ಬರ ಮುಖದ ಮೇಲೂ ಬಂದು ನಿಲ್ಲುತ್ತದೆ, ಪ್ರತಿ ಮುಖಕ್ಕೂ ಒಂದು ಗುಡುಗು. ಅದೇ ಅವಳ ಗಂಡ ಇನ್ನೂ ತಡವಾಗಿ ಬರಲಿ, ಗುಡುಗೂ ಇಲ್ಲ ಮಿಂಚೂ ಇಲ್ಲ. ಹಿನ್ನೆಲೆಯಲ್ಲಿ ಕೊಳಲು. "ಪಾಪ, ಎಷ್ಟು ದಣಿದಿದಾನೆ ನನ್ನ ಮಗ" ಎಂದು ತಾಯಿ ಅವನ ಕೈಯಿಂದ ಬ್ಯಾಗು ಇಸಿದುಕೊಳ್ಳುತ್ತಾಳೆ.

ಆ ಗುಡುಗನ್ನು ಚಿನ್ನು ಕಲಿತುಬಿಟ್ಟಿದ್ದಳು. ಚಿನ್ನೂ, ನಿನಗೆ ನೆನಪಿರಲಾರದು, ಆಗಿನ್ನೂ ನಿನಗೆ ಪೂರ್ತಿ ಮಾತು ಬರುತ್ತಿರಲಿಲ್ಲ. ನಿಮ್ಮಮ್ಮ ಕೆಲಸ ಮುಗಿಸಿ ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ ಹಾಗೇ ನೀನು ಎರಡೂ ಕೈ ಎತ್ತಿ "ಢಂ, ಢಂ, ಢಂ" ಎನ್ನುತ್ತಿದ್ದೆ. ನಾವೆಲ್ಲ ನಗುತ್ತಿದ್ದೆವು. ನಿಮ್ಮಮ್ಮನೂ ನಗುತ್ತಿದ್ದಳು, ಮೊದಮೊದಲು.

ನಿಮ್ಮಮ್ಮ ಮಂಗಳ ನನ್ನ ಸೊಸೆ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ನಮ್ಮೂರು ಅರಸೀಕೆರೆಯಿಂದ ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ, ಬೇಲೂರಿನಿಂದ ತಿರುಗಿ ಅರಸೀಕೆರೆಗೆ, ದಿನಕ್ಕೆರಡು ಬಾರಿ. ಇಂಥ ಕೆಲಸದ ತಾಯಿಯನ್ನು ನಾನು ಯಾವ ಧಾರಾವಾಹಿಯಲ್ಲೂ ಕಂಡಿಲ್ಲ. ಅಲ್ಲಿ ಹೆಂಗಸರು ದುಡಿಯುವುದು ಎರಡೇ ರೀತಿ. ಒಂದು, ಗಂಡನಿಗೆ ಅಪಘಾತವಾಗಿ, ಮನೆಯಲ್ಲಿ ಅಕ್ಕಿ ಮುಗಿದು, ಬೇರೆ ದಾರಿಯಿಲ್ಲದೆ, ಕಣ್ಣೀರು ಒರೆಸಿಕೊಂಡು ಹೋಗುವುದು. ಅದು ತ್ಯಾಗ, ಅದಕ್ಕೆ ಎಲ್ಲರೂ ಕೈಮುಗಿಯುತ್ತಾರೆ. ಇನ್ನೊಂದು, ಹುಬ್ಬು ತೀಡಿಸಿಕೊಂಡು, ಕೂದಲು ಕತ್ತರಿಸಿಕೊಂಡು, ಇಷ್ಟಪಟ್ಟು ಹೋಗುವುದು. ಅವಳು ಇನ್ನೊಬ್ಬರ ಸಂಸಾರ ಕೆಡಿಸುವವಳು. ಒಟ್ಟಿನಲ್ಲಿ ನಿಯಮವೇನೆಂದರೆ ಹೆಂಗಸು ದುಡಿಯಬಹುದು, ಅದನ್ನು ಇಷ್ಟಪಡಬಾರದು. ಮಂಗಳ ಇಷ್ಟಪಡುತ್ತಿದ್ದಳು. ಬೆಳಿಗ್ಗೆ ಖಾಕಿ ಅಂಗಿ ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಹೊರಟಳೆಂದರೆ ಅವಳ ನಡಿಗೆಯೇ ಬೇರೆ. ಒಂದೊಂದು ದಿನ ಪಾತ್ರೆ ತೊಳೆಯುವಾಗ ಮೈಮರೆತು "ಮುಂದೆ ಹೋಗಿ, ಮುಂದೆ ಹೋಗಿ" ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು.

ಈಗ ಸಿಂಚನಾ, ನಿನ್ನ ವಿಚಾರಕ್ಕೆ ಬರುತ್ತೇನೆ. ಒಂದು ಶುಕ್ರವಾರದ ಕಂತಿನಲ್ಲಿ ಸುಮೇಧಾಳ ಮಗಳು ಹಾಸಿಗೆಯ ಮೇಲೆ ಮಲಗಿ ತಾಯಿಯನ್ನು ಕೇಳಿದಳು: "ನಿನಗೆ ಕೆಲಸ ಮುಖ್ಯಾನಾ, ನಾನು ಮುಖ್ಯಾನಾ?" ಸುಮೇಧಾ ಅಲ್ಲೇ ಕುಸಿದು ಕೂತಳು. ಮರುಕಂತಿನಲ್ಲಿ ಕೆಲಸ ಬಿಡುವುದಾಗಿ ಆಫೀಸಿಗೆ ಫೋನು ಮಾಡಿದಳು. ಫೋನು ಕೆಳಗಿಟ್ಟದ್ದೇ ತಡ ಮಗುವಿನ ಜ್ವರ ಇಳಿಯಿತು. ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ನಾನೂ ಕಣ್ಣೀರು ಹಾಕಿದೆ ಅನ್ನಿ, ಸುಳ್ಳೇಕೆ ಹೇಳಲಿ. ಪಕ್ಕದ ಮನೆಯ ಗೌರಮ್ಮ ನನ್ನ ಜೊತೆ ಕೂತು ನೋಡುತ್ತಿದ್ದವಳು ಮೂಗು ಒರೆಸಿಕೊಳ್ಳುತ್ತ, "ಏನಂದ್ರೂ ತಾಯಿ ಮನೇಲಿರ್ಬೇಕು ಕಣ್ ರತ್ನಮ್ಮ" ಎಂದಳು. ನೀನು ನಮ್ಮಿಬ್ಬರ ನಡುವೆ ಕೂತಿದ್ದೆ. ನಮ್ಮ ಮುಖ ನೋಡುತ್ತಿದ್ದೆ, ಟೀವಿಯನ್ನಲ್ಲ.

ಆಮೇಲಿನ ಶನಿವಾರ ಬೆಳಿಗ್ಗೆ ನಿಮ್ಮಮ್ಮ ಹೊರಡುವ ಹೊತ್ತಿಗೆ ನೀನು ಏಳಲಿಲ್ಲ. ಕಂಬಳಿ ಹೊದ್ದು ನರಳುತ್ತಿದ್ದೆ. ನಿಮ್ಮಮ್ಮ ಕಂಕುಳಿಗೆ ಕೈಯಿಟ್ಟು ನೋಡಿ, "ಅತ್ತೆ, ಮೈ ಸುಡ್ತಾ ಐತೆ" ಎಂದಳು. ನೀನು ಕಣ್ಣು ಬಿಡದೆ, ಸುಮೇಧಾಳ ಮಗಳ ಧ್ವನಿಯಲ್ಲೇ ಕೇಳಿದೆ: "ಅಮ್ಮ, ನಿಂಗೆ ಕೆಲಸ ಮುಖ್ಯಾನಾ, ನಾನು ಮುಖ್ಯಾನಾ?"

ಮಂಗಳ ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ನನ್ನ ಮಗ ನಾಗೇಶ, ಅಂದರೆ ನಿಮ್ಮಪ್ಪ, ಶೇವಿಂಗ್ ಅರ್ಧಕ್ಕೆ ಬಿಟ್ಟು ಒಂದು ಕೆನ್ನೆಯ ನೊರೆಯೊಂದಿಗೆ ಬಂದ. "ನೋಡ್ದಾ? ನಾನು ಹೇಳ್ತಾನೆ ಇದೀನಿ, ಬಿಟ್ಬಿಡು ಕಣೇ ಈ ಕೆಲ್ಸಾನ. ನಂಗೆ ಕೊಬ್ಬರಿ ಮಂಡೀಲಿ ಬರೋದ್ರಲ್ಲೇ ಹೆಂಗೋ ಆಯ್ತದೆ" ಎಂದ. ಅವನ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಕೊಳಲು ಕೇಳಿ ಬೆಳೆದವನು ಅವನು, ಅಷ್ಟೆ.

ನಾನು ಬೆಲ್ಲದ ಕಷಾಯ ಕುಡಿಸೋಣವೆಂದು ನಿನ್ನನ್ನು ಎತ್ತಿ ಕೂರಿಸಿದೆ. ಜ್ವರಕ್ಕೆ ಈರುಳ್ಳಿ ವಾಸನೆ ಬರುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ತೋಳು ಎತ್ತಿಸಿದೆ. ಹೋಳು ಮಾಡಿದ ಈರುಳ್ಳಿಯೊಂದು ನಿನ್ನ ಅಂಗಿಯೊಳಗಿಂದ ಜಾರಿ, ನೆಲದ ಮೇಲೆ ಉರುಳಿ, ನಿಮ್ಮಪ್ಪನ ಕಾಲಬುಡಕ್ಕೆ ಹೋಗಿ ನಿಂತಿತು. ಪರೀಕ್ಷೆ ತಪ್ಪಿಸಿಕೊಳ್ಳಲು ನಮ್ಮ ಕಾಲದ ಹುಡುಗರೂ ಇದನ್ನು ಮಾಡುತ್ತಿದ್ದರು. ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡರೆ ಮೈ ಬಿಸಿಯಾಗುತ್ತದೆ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೂ ಪ್ರತಿ ತಲೆಮಾರಿಗೂ ಅದು ಹೇಗೋ ತಲುಪಿಬಿಡುತ್ತದೆ.

ನಿಮ್ಮಪ್ಪ ನಕ್ಕ. ನಾನೂ ನಕ್ಕೆ. ನೀನು ಅಳತೊಡಗಿದೆ. ನಗದೇ ಇದ್ದವಳು ನಿಮ್ಮಮ್ಮ. ಅವಳು ಹೊಸಿಲ ಬಳಿ ಕೂತು ಶೂ ಕಟ್ಟಿಕೊಳ್ಳುತ್ತ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು: "ಮಗು ಇಷ್ಟೆಲ್ಲ ಮಾಡ್ಬೇಕು ಅಂದ್ರೆ ಅದಕ್ಕೆ ಎಷ್ಟು ಬೇಜಾರಾಗಿರ್ಬೇಕು ಅತ್ತೆ. ನಿಜವಾದ ಜ್ವರ ಆಗಿದ್ರೆ ಮಾತ್ರೆ ಕೊಡ್ಬೋದಿತ್ತು. ಈ ತಿಂಗ್ಳು ಮುಗೀಲಿ, ಬಿಟ್ಬಿಡ್ತೀನಿ." ಹೇಳಿ ಹೊರಟುಹೋದಳು. ಆ ದಿನ ಅವಳ ನಡಿಗೆ ಎಲ್ಲರ ನಡಿಗೆಯಂತೆಯೇ ಇತ್ತು.

ಬೇಡ ಮಂಗಳ ಎಂದು ಹೇಳಬೇಕಿತ್ತು. ನಾನು ಸೆರಗು ಸರಿಮಾಡಿಕೊಂಡೆ.

ಸೌತೆಕಾಯಿ ಹೆಚ್ಚುತ್ತ ಕೂತಾಗ ನನಗೆ ನಮ್ಮವ್ವನ ನೆನಪು ಬಂತು. ಅವ್ವ ಬಿಕ್ಕೋಡಿನ ಹತ್ತಿರದ ಎಸ್ಟೇಟಿಗೆ ಕಾಫಿ ಹಣ್ಣು ಕೊಯ್ಯಲು ಹೋಗುತ್ತಿದ್ದಳು. ನಮ್ಮ ಕೇರಿಯ ತಾಯಂದಿರೆಲ್ಲ ಹೋಗುತ್ತಿದ್ದರು. ಕೆಲಸಕ್ಕೆ ಹೋಗದ ತಾಯಿ ಎಂದರೆ ನಮ್ಮಲ್ಲಿ ಬಾಣಂತಿ ಮಾತ್ರ. ಸಂಜೆ ಎಸ್ಟೇಟಿನ ಜೀಪು ಅವರನ್ನೆಲ್ಲ ತುಂಬಿಕೊಂಡು ಬಂದು ಮೋರಿಯ ಹತ್ತಿರ ಇಳಿಸುತ್ತಿತ್ತು. ನಾವು ಮಕ್ಕಳು ಮೋರಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಸಾಲಾಗಿ ಕೂತು ಕಾಯುತ್ತಿದ್ದೆವು. ತಿರುವಿನಾಚೆ ಜೀಪು ಗೇರು ಬದಲಾಯಿಸುವ ಸದ್ದಿಗೇ ಕಟ್ಟೆಯಿಂದ ಧುಮುಕುತ್ತಿದ್ದೆವು. ಅವ್ವನ ಕೈ ಅಂಟಂಟಾಗಿರುತ್ತಿತ್ತು. ಮಡಿಲಲ್ಲಿ ನನಗೆಂದು ಒಂದು ಹಿಡಿ ಚೆನ್ನಾಗಿ ಕಳಿತ ಕಾಫಿ ಹಣ್ಣು ಇರುತ್ತಿತ್ತು. ಚೀಪಿದರೆ ತೆಳ್ಳನೆಯ ಸಿಹಿ, ನಾಲಿಗೆಗೆ ಸಿಕ್ಕುವಷ್ಟರಲ್ಲಿ ಮುಗಿದುಹೋಗುವಂಥದು.

ನಾನು ಅವಳಿಗಾಗಿ ಹಂಬಲಿಸುತ್ತಿದ್ದೆನೆ? ಪ್ರತಿದಿನ. ಮಧ್ಯಾಹ್ನದ ನಂತರ ಪಾಠದ ಕಡೆ ಮನಸ್ಸೇ ಇರುತ್ತಿರಲಿಲ್ಲ. ಆದರೆ ನನ್ನ ಹಂಬಲವನ್ನು ಅವ್ವನ ಮೇಲಿನ ದೂರಾಗಿ ಮಾಡಿ ನನ್ನ ಕೈಗೆ ಯಾರೂ ಕೊಡಲಿಲ್ಲ. ಕಾಯುವುದು ಕಷ್ಟವಾಗಿತ್ತು, ಅದು ಯಾರದೋ ತಪ್ಪು ಎಂದು ನಮಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಟೀವಿ ಇರಲಿಲ್ಲವಲ್ಲ.

ಇನ್ನೊಂದು ವಿಚಾರವೂ ಆ ದಿನ ಹೊಳೆಯಿತು. ಸುಮೇಧಾಳ ಮನೆಯಲ್ಲಿ ರಂಗಮ್ಮ ಎಂದೊಬ್ಬ ಕೆಲಸದವಳಿದ್ದಾಳೆ. ಸೂರ್ಯ ಹುಟ್ಟುವ ಮೊದಲೇ ಕಾಫಿಯ ತಟ್ಟೆ ಹಿಡಿದು ನಿಂತಿರುತ್ತಾಳೆ, ಎಲ್ಲರೂ ಮಲಗಿದ ಮೇಲೂ ಲೋಟ ಎತ್ತುತ್ತಿರುತ್ತಾಳೆ. ಸುಮೇಧಾಳ ಮಗುವಿಗೆ ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಹಾಕುವವಳು ಅವಳೇ. ಅವಳಿಗೂ ಮಕ್ಕಳಿರಬೇಕಲ್ಲ? ಅವು ಎಲ್ಲಿವೆ? ಅವಕ್ಕೆ ಯಾಕೆ ಒಂದು ದಿನವೂ ಜ್ವರ ಬರುವುದಿಲ್ಲ? "ಮಕ್ಕಳನ್ನು ಬಿಟ್ಟು ಇಲ್ಲಿ ಯಾಕೆ ನಿಂತಿದ್ದೀಯ, ಮನೆಗೆ ಹೋಗು" ಎಂದು ಅವಳಿಗೆ ಆ ದೊಡ್ಡ ಮನೆಯಲ್ಲಿ ಒಬ್ಬರೂ ಹೇಳುವುದಿಲ್ಲ. ನಮ್ಮವ್ವನಿಗೂ ಯಾರೂ ಹೇಳಲಿಲ್ಲ. ತಾಯಿ ಮನೆಯಲ್ಲಿರಬೇಕು ಎಂಬ ಮಾತು ಎಲ್ಲ ತಾಯಂದಿರಿಗೂ ಅಲ್ಲ ಎಂದು ಕಾಣುತ್ತದೆ. ಕಾಫಿ ಕೊಯ್ಯುವವಳು ಬರಲೇಬೇಕು, ಲೋಟ ತೊಳೆಯುವವಳು ಬರಲೇಬೇಕು. ಸೀಟಿ ಊದಿ ಬಸ್ಸು ನಿಲ್ಲಿಸುವವಳು ಮಾತ್ರ ಮನೆಯಲ್ಲಿರಬೇಕು.

ಮಧ್ಯಾಹ್ನ ಚಿನ್ನುವನ್ನು ಗೌರಮ್ಮನ ಮನೆಯಲ್ಲಿ ಬಿಟ್ಟು, "ನಡಿ ಕಣೇ, ಅಮ್ಮನ ಬಸ್ಸಲ್ಲಿ ಒಂದು ಸುತ್ತು ಹೋಗ್ಬರಾನ" ಎಂದು ನಿನ್ನನ್ನು ಕರೆದುಕೊಂಡು ಹೊರಟೆ. ನಾನು ಅಲ್ಲಿಯವರೆಗೆ ಒಮ್ಮೆಯೂ ಸೊಸೆಯ ಬಸ್ಸು ಹತ್ತಿದವಳಲ್ಲ. ಅವಳು ಅಷ್ಟು ಜನರೆದುರು ಅತ್ತೆ ಎಂದು ಕರೆದರೆ ಏನು ಮಾಡುವುದೆಂದು ನಾಚಿಕೆ.

ಬಸ್ಸು ಕೊಬ್ಬರಿ ಮೂಟೆ, ಕಾಲೇಜು ಹುಡುಗಿಯರು, ಮದುವೆಗೆ ಹೊರಟವರಿಂದ ತುಂಬಿಹೋಗಿತ್ತು. ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ಮಂಗಳ ಟಿಕೆಟ್ ಯಂತ್ರ ಹಿಡಿದು, ಕಂಬಿಗೆ ಸೊಂಟ ಆನಿಸಿಕೊಂಡು, ಒಬ್ಬೊಬ್ಬರನ್ನೇ ಮುಗಿಸುತ್ತ ಬಂದಳು. ನಮ್ಮನ್ನು ನೋಡಿ ಅವಳ ಕಣ್ಣು ಒಮ್ಮೆ ಅಗಲವಾಯಿತು, ಅಷ್ಟೆ. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ, ಆದರೆ ಗುರುತಿನ ಚೀಟಿ ತೋರಿಸಬೇಕು.

"ಆಧಾರ್ ತೋರ್ಸಿ."

"ನಾನು ಕಣಮ್ಮ ಮಂಗಳ."

"ಗೊತ್ತು ಅತ್ತೆ. ಆಧಾರ್ ತೋರ್ಸಿ."

ಎಲೆಯಡಿಕೆ ಚೀಲವೆಲ್ಲ ತಡಕಾಡಿದೆ. ಅದು ಮನೆಯ ಗೂಡಿನಲ್ಲಿ ಕ್ಷೇಮವಾಗಿತ್ತು.

"ಹಂಗಾದ್ರೆ ದುಡ್ಡು ಕೊಡ್ಬೇಕು. ಎಲ್ರಿಗೂ ಒಂದೇ ರೂಲ್ಸು" ಎಂದಳು, ನಗದೆ. ಮುಂದಿನ ಸೀಟಿನವಳು ತಿರುಗಿ, "ಅತ್ತೆ ಅಂತೀಯ, ಟಿಕೆಟ್ಟೂ ಹರೀತೀಯಲ್ಲವ್ವ" ಎಂದು ಬೆರಗಾದಳು. "ಮನೇಲಿ ಅತ್ತೆ ಅನ್ನೋಕೆ ಕಾರ್ಡು ಬೇಡ ಕಣಕ್ಕ, ಇಲ್ಲಿ ಬೇಕು" ಎಂದು ಮಂಗಳ ಮುಂದೆ ಹೋದಳು. ಧಾರಾವಾಹಿಯಲ್ಲಿ ಸೊಸೆಯೊಬ್ಬಳು ಅತ್ತೆಯ ಗುರುತು ಕೇಳಿದ್ದರೆ ಒಂದು ವಾರ ಗುಡುಗು ನಿಲ್ಲುತ್ತಿರಲಿಲ್ಲ. ನನಗೆ ಮಾತ್ರ, ಹೇಳಲು ಸಂಕೋಚ, ಎದೆ ತುಂಬಿಬಂತು. ಆ ಟಿಕೆಟ್ಟನ್ನು ಎಲೆಯಡಿಕೆ ಚೀಲದಲ್ಲೇ ಮಡಚಿಟ್ಟುಕೊಂಡೆ.

ಜಾವಗಲ್ಲಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಮೊರಗಳ ಕಟ್ಟು ಹೊತ್ತು ಹತ್ತಿದಳು. ಮಂಗಳ ಕಟ್ಟನ್ನು ಇಸಿದು ಸೀಟಿನ ಕೆಳಗೆ ತಳ್ಳಿ, ಅವಳನ್ನು ನಮ್ಮ ಪಕ್ಕ ಕೂರಿಸಿದಳು. ಆಕೆ ಸುಧಾರಿಸಿಕೊಂಡು ಮಂಗಳನನ್ನು ಮೇಲಿಂದ ಕೆಳಗೆ ನೋಡಿದಳು.

"ಮಕ್ಳು ಮರಿ ಅವ್ಯೇನವ್ವ?"

"ಎರಡವೆ ಕಣಜ್ಜಿ."

"ನೀನು ಹಿಂಗೆ ಊರೂರು ಸುತ್ತಿದ್ರೆ ಅವನ್ನ ಯಾರು ನೋಡ್ಕತಾರೆ?"

"ನಮ್ಮತ್ತೆ."

"ಪಾಪ, ಆ ಮುದುಕಿ ತಲೆಗೆ ಕಟ್ಬಿಟ್ಯಾ. ಏನಂದ್ರೂ ತಾಯಿ ಮನೇಲಿರ್ಬೇಕು ಕಣವ್ವ."

ಯಂತ್ರದ ಗುಂಡಿ ಒತ್ತುತ್ತಿದ್ದ ಮಂಗಳನ ಬೆರಳು ನಿಂತಿತು. ಈ ತಿಂಗಳು ಮುಗಿಯಲಿ ಎಂದದ್ದು ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು. ನೀನು ನನ್ನ ತೋಳು ಹಿಡಿದುಕೊಂಡಿದ್ದೆ. ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ತಿಳಿಯದು. ಆಕೆಯ ಮಾತು ಅಕ್ಷರಶಃ ಟೀವಿಯ ಮಾತಿನ ಹಾಗಿತ್ತು. ಹಾಗಾಗಿ ನಾನೂ ಟೀವಿಗೆ ಹೇಳುವ ಹಾಗೆ, ದೊಡ್ಡ ಗಂಟಲಿನಲ್ಲಿ ಹೇಳಿಬಿಟ್ಟೆ:

"ಅದೋ ಅಲ್ಲಿ ಡ್ರೈವರಪ್ಪ ಕುಂತವ್ನಲ್ಲ, ಅವನ ಮಕ್ಳನ್ನ ಯಾರು ನೋಡ್ಕತಾರೆ ಅಂತ ಕೇಳಿದ್ಯೇನವ್ವ?"

ಬಸ್ಸಿಗೆ ಬಸ್ಸೇ ತಿರುಗಿತು. ಟೀವಿಯಲ್ಲಿ ಹೀಗಾಗುವುದಿಲ್ಲ. ನನಗೆ ಇಳಿದುಹೋಗಬೇಕೆನಿಸಿತು, ಆದರೆ ನಡುವೆ ಸ್ಟಾಪಿರಲಿಲ್ಲ. ಅಷ್ಟರಲ್ಲಿ ಡ್ರೈವರ್ ಈರಣ್ಣ ಗೇರು ಬದಲಾಯಿಸುತ್ತ, "ನನ್ನ ಮಕ್ಳನ್ನೂ ನಮ್ಮವ್ವನೇ ನೋಡ್ಕೊಳ್ಳೋದು ಕಣಜ್ಜಿ. ಇಷ್ಟು ವರ್ಷದಲ್ಲಿ ನಂಗ್ಯಾರೂ ಕೇಳಿಲ್ಲ, ನೀವೇ ಮೊದ್ಲು" ಎಂದ. ಕಾಲೇಜು ಹುಡುಗಿಯರು ಗೊಳ್ಳೆಂದರು. ಮೊರದ ಹೆಂಗಸಿಗೆ ಸಿಟ್ಟೇನೂ ಬರಲಿಲ್ಲ. "ನಾನೇನೋ ಬಾಯಿಗ್ ಬಂದಿದ್ದು ಕೇಳ್ದೆ ಕಣವ್ವ. ನನ್ನ ಮಕ್ಳು ಬೆಳೆದಿದ್ದೇ ಮೊರದ ಸಂತೇಲಿ" ಎಂದು ನನ್ನ ಕಡೆ ಎಲೆಯಡಿಕೆಗೆ ಕೈ ಚಾಚಿದಳು. ಕೊಟ್ಟೆ. "ನಿನ್ಗೇನಾಗ್ಬೇಕು ಕಂಡಕ್ಟ್ರವ್ವ?" ಎಂದು ಕೇಳಿದಳು. "ಆ ಮುದುಕಿ ನಾನೇ" ಎಂದೆ.

ಬೇಲೂರು ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಸ್ವಲ್ಪ ಬಿಡುವಿತ್ತು. ನಮ್ಮ ಕಡೆಯವರಿಗೆ ಅಲ್ಲಿನ ದೇವಸ್ಥಾನ ಹತ್ತಿರದ ನೆಂಟರ ಮನೆಯಿದ್ದ ಹಾಗೆ, ಯಾವಾಗ ಬೇಕಾದರೂ ಹೋಗಬಹುದೆಂದು ಹೋಗುವುದೇ ಇಲ್ಲ. ಶಾಲೆಯಲ್ಲಿದ್ದಾಗ ಮೇಷ್ಟ್ರು ಕರೆದುಕೊಂಡು ಹೋಗಿದ್ದರು. ಸೂರಿನ ಕೆಳಗೆ ಬಾಗಿ ನಿಂತ ಆ ಕಲ್ಲಿನ ಹೆಂಗಸರು ಇನ್ನೂ ಕಣ್ಣಲ್ಲಿದ್ದಾರೆ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ, ಒಬ್ಬಳು ಮದ್ದಲೆ ಬಾರಿಸುತ್ತಾಳೆ, ಒಬ್ಬಳು ಬಿಲ್ಲು ಹಿಡಿದು ಬೇಟೆಗೆ ಹೊರಟಿದ್ದಾಳೆ. ಅವಳು ಬೇಟೆಗೆ ಹೋದರೆ ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಆ ಶಿಲ್ಪಿ ಕೇಳಿದ ಹಾಗೆ ಕಾಣುವುದಿಲ್ಲ. ಇವತ್ತಿನ ಧಾರಾವಾಹಿಯವರ ಕೈಗೆ ಉಳಿ ಕೊಟ್ಟಿದ್ದರೆ ಬೇಟೆಗಾರ್ತಿಯ ಹಿಂದೆ ಕೈಕಟ್ಟಿ ನಿಂತ ಅತ್ತೆಯೊಬ್ಬಳನ್ನು, ಕಾಲಬುಡದಲ್ಲಿ ಜ್ವರದಿಂದ ನರಳುವ ಮಗುವೊಂದನ್ನು ಖಂಡಿತ ಕೆತ್ತುತ್ತಿದ್ದರು. ಬಿಲ್ಲು ಕೆಳಗಿಟ್ಟಿರುತ್ತಿದ್ದಳು ಪಾಪ. ನೋಡಲು ದೂರದಿಂದ ಯಾರೂ ಬರುತ್ತಿರಲಿಲ್ಲ.

ನಿಮ್ಮಮ್ಮ ಬಸ್ಸಿನ ಮೆಟ್ಟಿಲ ಮೇಲೆ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೋಂಡ ತಿನ್ನಿಸಿದಳು. ನೀನು ಮುಖ ಊದಿಸಿಕೊಂಡಿದ್ದೆ.

"ಬಸ್ಸಲ್ಲಿ ನನ್ನ ನೋಡ್ಲೇ ಇಲ್ಲ ನೀನು."

"ನಿನ್ನ ನೋಡ್ತಾ ನಿಂತ್ಕೊಂಡ್ರೆ ಹಳೇಬೀಡು ಬಂದ್ಬಿಡ್ತದೆ. ಟಿಕೆಟ್ ಯಾರು ಕೊಡ್ತಾರೆ?"

"ನಂಗೆ ಸಾಯಂಕಾಲ ಆಗೋದೇ ಇಲ್ಲ. ಕಾದು ಕಾದು ಬೇಜಾರಾಗುತ್ತೆ."

ಮಂಗಳ ನಿನ್ನ ತುಟಿಯಂಚಿನ ಬೋಂಡದ ಚೂರು ಒರೆಸಿದಳು. ಆಮೇಲೆ ಹೇಳಿದಳು: "ನಂಗೂ ಆಗಲ್ಲ ಕಣೇ. ದಿನಾ ಇದೇ ಮೆಟ್ಲ ಮೇಲೆ ಕೂತು ಟೀ ಕುಡಿಯೋವಾಗ, ಈಗ ಸ್ಕೂಲ್ ಬಿಟ್ಟಿರ್ತಾರೆ, ಈಗ ಅಜ್ಜಿ ಹತ್ರ ಚಪಾತಿ ಕೇಳ್ತಿರ್ತಾಳೆ ಅಂತ ಅನ್ಕೋತೀನಿ. ನಿನ್ನ ಹಾಗೆ ನಾನೂ ಕಾಯ್ತಾ ಇರ್ತೀನಿ, ಬಸ್ಸೊಳಗೆ."

"ನೀನೂನಾ?" ಎಂದೆ ನೀನು. ಇದನ್ನು ನೀನು ಯೋಚಿಸಿಯೇ ಇರಲಿಲ್ಲ. ಟೀವಿಯಲ್ಲಿ ಕಾಯುವುದು ಮಗು ಮಾತ್ರ.

ನಾನೂ ಯೋಚಿಸಿರಲಿಲ್ಲ, ಸಿಂಚನಾ. ನಿನಗೆ ಎಂಟು ವರ್ಷ, ತಡವೇನಿಲ್ಲ. ನನಗೆ ಎಪ್ಪತ್ತರ ಹತ್ತಿರ. ಇಷ್ಟು ಕಾಲವೂ ಆ ಮೋರಿಕಟ್ಟೆಯ ಮೇಲೆ ನಾನೊಬ್ಬಳೇ ಕಾಯುತ್ತಿದ್ದೆ ಎಂದುಕೊಂಡಿದ್ದೆ. ತಿರುವಿನಾಚೆ, ಜೀಪಿನೊಳಗೆ, ಅಷ್ಟು ಜನರ ನಡುವೆ ಇಕ್ಕಟ್ಟಾಗಿ ನಿಂತು, ಮಡಿಲಿನ ಹಣ್ಣು ಜಜ್ಜಿಹೋಗದಂತೆ ಹಿಡಿದುಕೊಂಡು ಇನ್ನೊಬ್ಬಳು ಕಾಯುತ್ತಿದ್ದಳು. ಅದನ್ನು ಅವಳಿಂದಲೇ ಕೇಳಿ ತಿಳಿಯಬಹುದಾಗಿದ್ದ ದಿನಗಳು ಎಂದೋ ಮುಗಿದುಹೋದವು. ಬೇಲೂರಿನ ಬಸ್ ನಿಲ್ದಾಣದಲ್ಲಿ ಬೋಂಡದ ಪೊಟ್ಟಣ ಹಿಡಿದುಕೊಂಡು ನನಗೆ ಅವ್ವ ಬೇಕೆನಿಸಿತು. ಈ ವಯಸ್ಸಿನಲ್ಲಿ, ಅಷ್ಟು ಜನರೆದುರು.

ತಿರುಗಿ ಬರುವಾಗ ನೀನು ನನ್ನ ತೊಡೆಯ ಮೇಲೆ ನಿದ್ದೆ ಹೋದೆ. ಮಂಗಳ ಟಿಕೆಟ್ಟೆಲ್ಲ ಮುಗಿಸಿ, ನಮ್ಮ ಸೀಟಿನ ಕಂಬಿ ಹಿಡಿದು ನಿಂತಳು. ಸಾಲುಸಾಲು ತೆಂಗಿನತೋಟಗಳು ಹಿಂದೆ ಸರಿಯುತ್ತಿದ್ದವು. "ಅತ್ತೆ, ನೀವು ಅಷ್ಟು ಜೋರಾಗಿ ಮಾತಾಡ್ತೀರ ಅಂತ ಗೊತ್ತೇ ಇರ್ಲಿಲ್ಲ" ಎಂದಳು. "ನಂಗೂ" ಎಂದೆ. ನಾಲಿಗೆ ಒಮ್ಮೆ ಹೊರಗೆ ಬಂದದ್ದು ಇನ್ನೂ ಒಳಗೆ ಹೋಗಿರಲಿಲ್ಲ, ಅದೇ ಧೈರ್ಯದಲ್ಲಿ ಹೇಳಿದೆ: "ತಿಂಗ್ಳು ಮುಗುದ್ರೆ ಮುಗೀಲಿ. ತಿಂಗ್ಳು ಮುಗೀತಾನೆ ಇರ್ತವೆ. ನೀನು ಬಿಡ್ಬೇಡ." ಮುಂದಿನ ಸ್ಟಾಪಿನಲ್ಲಿ ಅವಳು ಊದಿದ ಸೀಟಿ ಬೇಕಾದ್ದಕ್ಕಿಂತ ಕೊಂಚ ಉದ್ದವಾಗಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ನಿಮ್ಮಪ್ಪನನ್ನೂ ಒಂದು ಮಾತು ಕೇಳಿದೆ. "ಅಲ್ಲ ಕಣೋ ನಾಗೇಶ, ನೀನೂ ಕತ್ತಲಾದ ಮೇಲೆ ಬತ್ತೀಯ, ಅವಳೂ ಕತ್ತಲಾದ ಮೇಲೆ ಬತ್ತಾಳೆ. ನಿನಗೋಸ್ಕರ ಯಾಕೆ ಯಾರೂ ಈರುಳ್ಳಿ ಇಟ್ಕೊಳಲ್ಲ?" ಅವನು ನಗಲು ಹೊರಟವನು ತುತ್ತು ಕೈಯಲ್ಲಿ ಹಿಡಿದುಕೊಂಡೇ ಕೂತ. ನಿಮ್ಮ ತಾತನೂ ಹೀಗೇ ತುತ್ತು ಹಿಡಿದು ಯೋಚಿಸುತ್ತಿದ್ದರು. ಅವರೂ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕಿ, ಅಂಗಿಯ ತುಂಬ ಕೊಬ್ಬರಿಯ ವಾಸನೆ ಹೊತ್ತು, ಕತ್ತಲಾಗಿ ಎಷ್ಟೋ ಹೊತ್ತಿನ ಮೇಲೆ ಬರುತ್ತಿದ್ದರು. ಅವರಿಗಾಗಿಯೂ ನಾಗೇಶ ಬಾಗಿಲಲ್ಲಿ ಕಾಯುತ್ತಿದ್ದ. ಆ ಕಾಯುವಿಕೆಗೆ ಯಾರೂ ಹೆಸರೇ ಇಟ್ಟಿರಲಿಲ್ಲ. ಇದು ಅವನಿಗೆ ನೆನಪಾಯಿತೋ ಏನೋ. ಮಾರನೆಯ ವಾರ ಒಂದು ದಿನ ಬೆಳಕಿರುವಾಗಲೇ ಮನೆಗೆ ಬಂದ. ಬಂದವನಿಗೆ ಏನು ಮಾಡಬೇಕೆಂದು ತಿಳಿಯದೆ ಚಿನ್ನುವಿಗೆ ಎರಡು ಸಲ ಹಾಲು ಕುಡಿಸಿದ. ಅವಳು ಅವನಿಗೂ ಕೈಯೆತ್ತಿ "ಢಂ, ಢಂ, ಢಂ" ಎಂದಳು. ನನಗೆ ಅದರಲ್ಲಿ ನ್ಯಾಯವಿದೆ ಎನಿಸಿತು.

ತಿಂಗಳು ಮುಗಿಯಿತು. ಮಂಗಳ ಆ ಮಾತು ಎತ್ತಲಿಲ್ಲ. ಬೆಳಿಗ್ಗೆ ಖಾಕಿ ತೊಟ್ಟು ಹೊರಟಾಗ ಅವಳ ಹಳೆಯ ನಡಿಗೆ ತಿರುಗಿ ಬಂದಿತ್ತು.

ಧಾರಾವಾಹಿ ಇನ್ನೂ ನಡೆಯುತ್ತಿದೆ. ಕೆಲಸ ಬಿಟ್ಟ ಸುಮೇಧಾ ಈಗ ಇಡೀ ದಿನ ಮನೆಯಲ್ಲಿದ್ದಾಳೆ. ಮಗು ದುಂಡಗಾಗಿದೆ. ಆದರೆ ಕಥೆ ಮುಂದೆ ಹೋಗಬೇಕಲ್ಲ, ಈಗ ಅವಳ ಗಂಡನ ಮೇಲೆ ಇನ್ನೊಬ್ಬಳ ಕಣ್ಣು ಬಿದ್ದಿದೆ. ಆಕೆ ಗಿಡ್ಡ ಕೂದಲಿನವಳು, ಆಫೀಸಿಗೆ ಹೋಗುವವಳು. ಗೌರಮ್ಮ ತಪ್ಪದೆ ಬರುತ್ತಾಳೆ. ರಂಗಮ್ಮ ಕಾಫಿಯ ತಟ್ಟೆ ಹಿಡಿದು ಬಂದಾಗಲೆಲ್ಲ ನಾನು "ನಿನ್ನ ಮಕ್ಳು ಊಟ ಮಾಡಿದ್ವೇನವ್ವ?" ಎಂದು ಕೇಳುತ್ತೇನೆ. ಈಚೆಗೆ ಗೌರಮ್ಮನೂ ಕೇಳುತ್ತಾಳೆ. ರಂಗಮ್ಮ ಈವರೆಗೆ ಉತ್ತರ ಕೊಟ್ಟಿಲ್ಲ.

ಸಿಂಚನಾ, ನಿನಗೆ ಬೇಜಾರು ಹೋಗಿದೆಯೆಂದು ನಾನು ಬರೆದರೆ ಅದು ಧಾರಾವಾಹಿಯಾಗುತ್ತದೆ. ಹೋಗಿಲ್ಲ. ಸಂಜೆಯಾಗುತ್ತಿದ್ದ ಹಾಗೆ ನೀನು ಪುಸ್ತಕ ಮುಚ್ಚಿ ಜಗಲಿಗೆ ಹೋಗಿ, ಕಾಲು ಇಳಿಬಿಟ್ಟುಕೊಂಡು ರಸ್ತೆ ನೋಡುತ್ತ ಕೂರುತ್ತೀಯ. ಬ್ಯಾಗಿಗೆ ನೀನೇ ಹಾಕಿಕೊಟ್ಟ ಕಡಲೆಮಿಠಾಯಿಯನ್ನು ಅಮ್ಮ ಬೇಲೂರಿನಲ್ಲಿ ತಿಂದಳೋ ಇಲ್ಲವೋ ಎಂಬ ಯೋಚನೆ ಈಗ ಅದಕ್ಕೆ ಸೇರಿದೆ. ಏಳು ಗಂಟೆಯ ಸುಮಾರಿಗೆ ಅವಳ ಬಸ್ಸು ಡಿಪೋಗೆ ಹೋಗುವ ಮೊದಲು ನಮ್ಮ ಬೀದಿಯ ತುದಿಯಲ್ಲಿ ಹಾಯುತ್ತದೆ, ಈರಣ್ಣ ಎರಡು ಸಲ ಹಾರ್ನ್ ಹೊಡೆಯುತ್ತಾನೆ. ಕಾಯಬೇಡ ಒಳಗೆ ಬಾ ಎಂದು ನಾನು ಕರೆಯುವುದಿಲ್ಲ. ಸುಮೇಧಾ ಅಳುತ್ತಿದ್ದರೆ ಅಳಲಿ ಎಂದು ಟೀವಿಯ ಸದ್ದು ಕಡಿಮೆ ಮಾಡಿ ನಾನೂ ಬಂದು ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಹಾರ್ನ್ ಕೇಳುವ ಮೊದಲಿನ ಆ ಹೊತ್ತಿನಲ್ಲಿ ನಾವಿಬ್ಬರೂ ಕಾಲು ಇಳಿಬಿಟ್ಟು ಬೀದಿಯ ತುದಿ ನೋಡುತ್ತಿರುತ್ತೇವೆ. ನೀನು ಬಸ್ಸಿಗೆ ಕಾಯುತ್ತಿರುತ್ತೀಯ. ನಾನು ಜೀಪಿಗೆ.